ಉರಿಯುವಾಗಲೇ ಅಳೆಯಬೇಕು

ಬೇಕರಿ ಯಜಮಾನರೂ ಸುರುಳಿಯೂ ಮಾತು ಬಿಟ್ಟಿದ್ದಾರಂತೆ ಎಂಬ ಸುದ್ದಿ ಕೇಳಿ ಬೀದಿಯವರು ಮೊದಲು ನಕ್ಕುಬಿಟ್ಟರು. ಹಲ್ಲೂ ನಾಲಿಗೆಯೂ ಮುನಿಸಿಕೊಂಡರೆ ಎಷ್ಟು ಹೊತ್ತು, ಮುಂದಿನ ತುತ್ತಿನ ತನಕ. ಆದರೆ ತುತ್ತಿನ ಮೇಲೆ ತುತ್ತು ಇಳಿದುಹೋದರೂ ಇಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ. ಬೇಕರಿಯ ಬಾಗಿಲಿಗೆ ಎದುರಾಗಿಯೇ ಸುರುಳಿಯ ಅಂಗಡಿ, ನಡುವೆ ಒಂದು ಕೈಗಾಡಿ ಹೋಗುವಷ್ಟು ಬೀದಿ. ಅಷ್ಟು ಹತ್ತಿರವಿದ್ದುಕೊಂಡು ಮಾತಾಡದೆ ಇರಲು ಮಾತಾಡುವುದಕ್ಕಿಂತ ಹೆಚ್ಚು ಶ್ರಮ ಬೇಕು. ಇಬ್ಬರೂ ಆ ಶ್ರಮವನ್ನು ಶ್ರದ್ಧೆಯಿಂದ ಪಡುತ್ತಿದ್ದರು.

ಸುರುಳಿಗೆ ಹೆತ್ತವರು ಇಟ್ಟ ಹೆಸರು ಒಂದಿತ್ತು. ಅದು ಯಾರಿಗೂ ಬೇಕಾಗಿರಲಿಲ್ಲ. ಇಸ್ತ್ರಿಪೆಟ್ಟಿಗೆಯೋ ಗೀಸರೋ ಒಲೆಯೋ, ಬಿಸಿಯಾಗುವ ಯಾವ ವಸ್ತುವಾದರೂ ಸರಿ, ಅದರೊಳಗಿನ ಕಾಯಿಲ್ ಸುತ್ತಿಕೊಡುವುದು ಅವನ ಕಸುಬು. ಬೀದಿಯೇ ಅವನನ್ನು ಏಕವಚನದಲ್ಲಿ ಕರೆಯುತ್ತಿತ್ತು, ಅವನಿಗೂ ಬಹುವಚನ ಮೈಗೆ ಹತ್ತುತ್ತಿರಲಿಲ್ಲ, ಹಾಗಾಗಿ ಇಲ್ಲಿಯೂ ಅವನು ಅವನೇ. ಬೇಕರಿಯ ದೊಡ್ಡ ಕರೆಂಟ್ ಒಲೆಗೆ ಕಾಯಿಲ್ ಹೋದಾಗಲೆಲ್ಲ ಸುತ್ತಿದ್ದು ಅವನೇ. ಈ ಸಲವೂ ಮೇಲಿನದು ಕೆಳಗಿನದು ಎರಡನ್ನೂ ಹೊಸದಾಗಿ ಸುತ್ತಿ ಕೂರಿಸಿದ್ದ. ಜಗಳ ಹುಟ್ಟಿದ್ದು ಅಲ್ಲೇ. ಹೊಸ ಕಾಯಿಲ್ ಬಂದ ಮೇಲೆ ಯಜಮಾನರ ಬ್ರೆಡ್ ಕೆಡತೊಡಗಿತು. ಮೇಲೆ ಕರಕಲು, ಕುಯ್ದರೆ ಒಳಗೆ ಹಸಿ.

ಆ ಯಜಮಾನರ ಸೊಸೆಗೆ ಇದು ಬರೀ ಬ್ರೆಡ್ಡಿನ ಮಾತಾಗಿರಲಿಲ್ಲ. ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ಅವಳಿಗೆ ಮೊದಲು ಇಷ್ಟವಾದದ್ದು ಗಂಡನೂ ಅಲ್ಲ, ಮನೆಯೂ ಅಲ್ಲ, ಮಾವನ ಕೈ. ಇದನ್ನು ಅವಳು ಗಂಡನಿಗೇ ಹೇಳಿ ಗೋಳು ಹೊಯ್ದುಕೊಂಡಿದ್ದಳು. ಹಿಟ್ಟಿನ ರಾಶಿಯಿಂದ ಮಾವ ಒಂದು ಮುದ್ದೆ ಕಿತ್ತರೆ ತಕ್ಕಡಿ ನಾಚಿಕೊಳ್ಳಬೇಕು, ಅಷ್ಟು ಸರಿಯಾದ ತೂಕ. ಒಲೆಯ ಬಿಸಿ ತೋರಿಸುವ ಮುಳ್ಳು ಯಾವ ಕಾಲದಲ್ಲೋ ಮುರಿದುಹೋಗಿತ್ತು. ಮಾವ ಅದನ್ನು ರಿಪೇರಿ ಮಾಡಿಸುವ ಗೋಜಿಗೇ ಹೋಗಿರಲಿಲ್ಲ. ಒಲೆಯ ಬಾಗಿಲು ತೆಗೆದು ಬರಿಗೈಯನ್ನು ಒಳಗೆ ಚಾಚಿ, ತಮ್ಮ ಗುರು ಕಲಿಸಿದ ಮಾತೊಂದನ್ನು ಮೆಲ್ಲಗೆ ಹೇಳುವರು: "ಹಿಟ್ಟು ನಂದು, ನೀರು ನಂದು, ಉಪ್ಪು ನಂದು, ಉರಿ ನಿಂದು." ಸರಿಯಾಗಿ 'ಉರಿ ನಿಂದು' ಅನ್ನುವಾಗ ಕೈ ತಡೆಯಲಾರದೆ ತಾನಾಗಿ ಹೊರಗೆ ಬರಬೇಕು. 'ಉಪ್ಪು' ಅನ್ನುವಾಗಲೇ ಬಂದರೆ ಬಿಸಿ ಹೆಚ್ಚು, ಮಾತು ಮುಗಿದರೂ ಬರದಿದ್ದರೆ ಬಿಸಿ ಸಾಲದು. ಅಷ್ಟೇ ಶಾಸ್ತ್ರ. ಆ ಶಾಸ್ತ್ರದಿಂದ ಬಂದ ಬ್ರೆಡ್ಡಿಗಾಗಿ ಜನ ಇಡೀ ಊರು ದಾಟಿ ಬರುತ್ತಿದ್ದರು.

ಸೊಸೆಗೂ ಒಂದು ಕಸುಬಿತ್ತು. ಪಂಪ್ ತಯಾರಿಸುವ ಕಾರ್ಖಾನೆಯಲ್ಲಿ ಅವಳು ಪರೀಕ್ಷೆಯ ವಿಭಾಗದವಳು. ಮೇಜಿನ ಮೇಲೆ ಬಂದು ನಿಂತ ಪ್ರತಿಯೊಂದು ಪಂಪಿಗೂ ಕರೆಂಟ್ ಕೊಟ್ಟು, ಎಷ್ಟು ವೋಲ್ಟ್ ಬರುತ್ತಿದೆ, ಎಷ್ಟು ಆಂಪಿಯರ್ ಎಳೆಯುತ್ತಿದೆ ಎಂದು ನೋಡಿ, ಹೋಗು ಅಥವಾ ನಿಲ್ಲು ಎನ್ನುವುದು ಅವಳ ಕೆಲಸ. ಅವಳು ನಿಲ್ಲು ಅಂದರೆ ಕಾರ್ಖಾನೆಯ ಮ್ಯಾನೇಜರ್ ಬಂದು ಗೋಗರೆದರೂ ಆ ಪಂಪ್ ಹೊರಗೆ ಹೋಗುತ್ತಿರಲಿಲ್ಲ. "ನಮ್ಮ ಸೊಸೆ ಪಂಪಿನ ಡಾಕ್ಟ್ರು" ಎಂದು ಮಾವ ಗಿರಾಕಿಗಳ ಮುಂದೆ ಎದೆ ಉಬ್ಬಿಸಿ ಹೇಳುತ್ತಿದ್ದರು. ಬ್ರೆಡ್ ಕೊಳ್ಳಲು ಬಂದವರಿಗೆ ಬ್ರೆಡ್ ಜೊತೆ ಇದೂ ಸಿಗುತ್ತಿತ್ತು, ಬೇಡವೆಂದರೂ.

ಅವತ್ತು ಅವಳು ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಮನೆಗೆ ಬಂದಾಗ ಬೀದಿಯ ನಡುವೆ ಜನ ಸೇರಿದ್ದರು. ಕೊನೆಗೂ ಮಾತು ಶುರುವಾಗಿತ್ತು, ಆದರೆ ಶುರುವಾಗದೇ ಇದ್ದಿದ್ದರೆ ಚೆನ್ನಾಗಿತ್ತು.

"ತಂತಿ ಕಮ್ಮಿ ಹಾಕಿ ನನಗೆ ಟೋಪಿ ಹಾಕಿದ್ದೀಯ!" ಎಂದು ಮಾವ ಬೇಕರಿಯ ಮೆಟ್ಟಿಲ ಮೇಲಿಂದ ಗುಡುಗುತ್ತಿದ್ದರು. "ಅದಕ್ಕೇ ಒಲೆ ಬಿಸಿ ಏರ್ತಿಲ್ಲ! ಎಷ್ಟು ಹೊತ್ತು ಕಾದ್ರೂ ಕೈಗೆ ಹತ್ತಲ್ಲ!"

"ತಂತಿ ಕಮ್ಮಿ ಆದ್ರೆ ಬಿಸಿ ಹೆಚ್ಚಾಗುತ್ತೆ ಕಣೋ, ಹಿಟ್ಟು ತಲೆಯವನೇ!" ಎಂದು ಸುರುಳಿ ಬೀದಿಯ ಆ ಕಡೆಯಿಂದ. "ದಾರಿ ಗಿಡ್ಡ ಆದ್ರೆ ಕರೆಂಟ್ ಜಾಸ್ತಿ ನುಗ್ಗುತ್ತೆ. ಇದೇನು ನಿನ್ನ ಬನ್ನಾ, ಹಿಟ್ಟು ಕಮ್ಮಿ ಹಾಕಿದ್ರೆ ಬನ್ ಚಿಕ್ಕದಾಗೋಕೆ?"

"ಹಾಗಾದ್ರೆ ತಂತಿ ಜಾಸ್ತಿ ಹಾಕಿದ್ದೀಯ!"

"ನೋಡ್ರಪ್ಪಾ! ಕಮ್ಮಿ ಹಾಕಿದ್ರೂ ಕಳ್ಳ, ಜಾಸ್ತಿ ಹಾಕಿದ್ರೂ ಕಳ್ಳ! ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ."

ಜನ ಗೊಳ್ಳೆಂದರು. ಗಾದೆ ಸರಿಯಾದ ಜಾಗಕ್ಕೆ ಹೋಗಿ ನಾಟಿತ್ತು. ಮಾವನ ಮುಖ ಕೆಂಪಗಾಗಿ, ಆಮೇಲೆ ಬೆಳ್ಳಗಾಯಿತು. ಅವರು ದನಿ ತಗ್ಗಿಸಿದರು. ಗುಡುಗುವ ಮನುಷ್ಯ ದನಿ ತಗ್ಗಿಸಿದರೆ ಹೆದರಬೇಕು ಎಂಬುದು ಸೊಸೆಗೆ ಗೊತ್ತಿತ್ತು.

"ಸರಿ ಕಣೋ. ನನಗೆ ಕುಣಿಯೋಕೆ ಬರಲ್ಲ ಅಂದೆಯಲ್ಲ. ಒಲೆ ಅಳೆಯೋಣ. ಒಲೆ ಸರಿ ಇದ್ರೆ ತಪ್ಪು ನನ್ನ ಕೈದು. ಈ ಕೈನ ಇವತ್ತಿಂದ ಆ ಒಲೆಯೊಳಗೆ ಹಾಕಲ್ಲ. ಇಷ್ಟು ಜನರ ಮುಂದೆ ಹೇಳ್ತಿದ್ದೀನಿ."

"ಕಾಯಿಲ್ ತಪ್ಪಿದ್ರೆ ನಾನು ಈ ಅಂಗಡಿ ಬಾಗಿಲು ತೆಗೆಯಲ್ಲ," ಎಂದ ಸುರುಳಿ. "ಅಳೆಯೋರು ಯಾರು?"

ಇಬ್ಬರ ಕಣ್ಣೂ ಒಟ್ಟಿಗೆ ಅವಳ ಮೇಲೆ ಬಿತ್ತು. ಊಟದ ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದ ಸೊಸೆಗೆ ಓಡಿಹೋಗೋಣ ಅನ್ನಿಸಿತು. ಒಲೆ ಕೆಟ್ಟಿದೆ ಅಂದರೆ ಸುರುಳಿಯ ಬದುಕು ಮುಚ್ಚುತ್ತದೆ. ಸರಿ ಇದೆ ಅಂದರೆ ಮಾವನ ಕೈ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಹೇಳಿಬಿಡುವುದೇ ಒಳ್ಳೆಯದು, ಅವಳ ಮನಸ್ಸು ಮಾವನ ಕಡೆಗೇ ಇತ್ತು. ಒಲೆಯಲ್ಲಿ ಏನಾದರೂ ಕೆಟ್ಟಿರಲಿ ಎಂದು ಅವಳು ಬೇಡಿಕೊಳ್ಳುತ್ತಲೇ ಒಳಗೆ ಹೋದಳು.

ಬೇಕರಿಯ ಹಿಂದಿನ ಕೋಣೆ ಹಿಟ್ಟಿನ ಧೂಳಿನಿಂದ ಬೆಳ್ಳಗಿತ್ತು. ಗೋಡೆಯ ಉದ್ದಕ್ಕೂ ಹಲಗೆಗಳು, ಹಲಗೆಯ ಮೇಲೆ ತಗಡಿನ ಅಚ್ಚುಗಳು, ಅಚ್ಚುಗಳೊಳಗೆ ಒದ್ದೆ ಬಟ್ಟೆ ಹೊದ್ದು ಉಬ್ಬುತ್ತಿರುವ ಸಂಜೆಯ ಹಿಟ್ಟು. ಒಲೆ ಆಳೆತ್ತರದ ಕಬ್ಬಿಣದ ಪೆಟ್ಟಿಗೆ. ಅದರ ಮಗ್ಗುಲಲ್ಲಿ ತಯಾರಕರು ಬಡಿದಿದ್ದ ಒಂದು ಫಲಕ: ಕಾಯಿಲ್ ಒಂದಕ್ಕೆ ಇನ್ನೂರ ಮೂವತ್ತು ವೋಲ್ಟಿಗೆ ಎರಡು ಸಾವಿರದ ಮುನ್ನೂರು ವ್ಯಾಟ್. ಅತ್ತೆ ಗಲ್ಲಾಪೆಟ್ಟಿಗೆ ಬಿಟ್ಟು ಬಂದು ಸೊಸೆಯ ಕಿವಿಯಲ್ಲಿ ಪಿಸುಗುಟ್ಟಿದರು. "ಈ ಎರಡು ಕೋಣಗಳ ಕಾದಾಟದಲ್ಲಿ ನೀನು ಯಾಕಮ್ಮಾ ಸಿಕ್ಕಿಹಾಕ್ಕೊಂಡೆ? ತಲೆನೋವು ಅಂತ ಮಲಗಿಬಿಡಬಾರದಿತ್ತಾ?"

ಸೊಸೆ ಮನೆಯಲ್ಲಿಟ್ಟಿದ್ದ ತನ್ನ ಎರಡು ಮೀಟರುಗಳನ್ನು ತಂದು, ಒಂದರ ಕಡ್ಡಿಗಳನ್ನು ಕೈಗೆತ್ತಿಕೊಂಡಳು. ಒಲೆ ತಣ್ಣಗಿದ್ದಾಗಲೇ ಕಾಯಿಲಿನ ಎರಡು ತುದಿಗೆ ಹಚ್ಚಿ ಎಷ್ಟು ಓಮ್ ಎಂದು ನೋಡಿಬಿಟ್ಟರೆ ಕೆಲಸ ಬೇಗ ಮುಗಿಯುತ್ತಿತ್ತು. ಸುರುಳಿ ತಡೆದ.

"ಹಾಗಲ್ಲಮ್ಮಾ. ಉರಿಯುವಾಗಲೇ ಅಳೆಯಬೇಕು. ಮಲಗಿರೋನ ನಾಡಿ ಹಿಡಿದು ಅವನ ಓಟ ಹೇಗೆ ಅಂತ ಹೇಳೋಕಾಗುತ್ತಾ? ತಣ್ಣಗಿರುವಾಗ ತಂತಿ ಒಂದು ಲೆಕ್ಕ ಹೇಳುತ್ತೆ, ಕೆಂಪಾದಾಗ ಇನ್ನೊಂದು. ನಾನು ಸುತ್ತಿರೋದು ಕೆಂಪಾದಾಗಿನ ಲೆಕ್ಕಕ್ಕೆ. ವೋಲ್ಟ್ ನೋಡು, ಆಂಪಿಯರ್ ನೋಡು, ಭಾಗಿಸು. ಬಂದಿದ್ದೇ ಸತ್ಯ."

"ನನ್ನ ಸೊಸೆಗೆ ನೀನು ಪಾಠ ಹೇಳ್ಬೇಡ," ಎಂದರು ಮಾವ.

"ಚಿಕ್ಕಮಾವ ಹೇಳಿದ್ದು ಸರಿ ಮಾವ," ಎಂದಳು ಸೊಸೆ. ಸುರುಳಿಯನ್ನು ಅವಳು ಚಿಕ್ಕಮಾವ ಎಂದೇ ಕರೆಯುತ್ತಿದ್ದಳು, ಜಗಳದ ದಿನಗಳಲ್ಲೂ ಬಿಟ್ಟಿರಲಿಲ್ಲ.

ಕೆಳಗಿನ ಕಾಯಿಲಿನ ಸ್ವಿಚ್ ಹಾಕಿ ಕಾದರು. ಮಾವನಿಗೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಸೊಸೆ ಒಲೆಯ ಹಿಂಬದಿಯ ಮುಚ್ಚಳ ಬಿಚ್ಚುತ್ತಿರುವಾಗ ಅವರು ಅವಳ ಕ್ಲಾಂಪ್ ಮೀಟರನ್ನು ಎತ್ತಿಕೊಂಡರು. ಅದು ಇಕ್ಕಳದಂತೆ ಬಾಯಿ ತೆರೆಯುವ ಮೀಟರು. ತಂತಿಯನ್ನು ಕುಯ್ಯದೆ, ಬಿಚ್ಚದೆ, ಸುಮ್ಮನೆ ಬಾಯಲ್ಲಿ ಹಿಡಿದರೆ ಒಳಗೆ ಹರಿಯುವ ಕರೆಂಟ್ ಎಷ್ಟೆಂದು ಹೇಳುತ್ತದೆ. ಗೋಡೆಯಿಂದ ಒಲೆಗೆ ಬರುವ ದಪ್ಪ ಕೇಬಲ್ಲಿಗೆ ಅದನ್ನು ಕಚ್ಚಿಸಿದವರೇ ಮಾವ ಕುಣಿದಾಡಿಬಿಟ್ಟರು.

"ಸೊನ್ನೆ! ನೋಡ್ರೋ, ಸೊನ್ನೆ! ಕರೆಂಟೇ ಬರ್ತಿಲ್ಲ! ಇವನು ತಂತಿ ಬದಲು ದಾರ ಸುತ್ತಿದ್ದಾನೆ!"

ಸುರುಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಸೊಸೆಯೂ ನಗು ತಡೆಯಲಾರದೆ ತಿರುಗಿ ನಿಂತಳು. ಆಮೇಲೆ ಬಂದು ಮಾವನ ಕೈಯಿಂದ ಮೀಟರನ್ನು ಮೆಲ್ಲಗೆ ತೆಗೆದುಕೊಂಡಳು.

"ಮಾವ, ಈ ಕೇಬಲ್ ಒಳಗೆ ಹೋಗೋ ತಂತಿನೂ ಇದೆ, ವಾಪಸ್ ಬರೋ ತಂತಿನೂ ಇದೆ. ಎರಡನ್ನೂ ಒಟ್ಟಿಗೆ ಹಿಡಿದ್ರೆ ಹೋಗಿದ್ದು ಬಂದಿದ್ದು ವಜಾ ಆಗಿ ಸೊನ್ನೆನೇ ತೋರಿಸುತ್ತೆ. ಒಂದನ್ನೇ ಹಿಡಿಬೇಕು."

"ಓ," ಎಂದರು ಮಾವ. ಅಷ್ಟಕ್ಕೇ ಬಿಡುವವರಲ್ಲ. "ಅಂದ್ರೆ ನಮ್ಮ ಬೇಕರಿಯ ಹಾಗೆ. ಮುಂದಿನ ಬಾಗಿಲಲ್ಲಿ ಬಂದೋರು, ಹಿಂದಿನ ಬಾಗಿಲಲ್ಲಿ ಹೋದೋರು. ಒಟ್ಟಿಗೆ ಎಣಿಸಿದ್ರೆ ಒಳಗೆ ಯಾರೂ ಇಲ್ಲ."

"ಹೌದು ಮಾವ, ಹಾಗೇ."

ಅವಳಿಗೆ ಮಾವ ಹಿಡಿಸುತ್ತಿದ್ದದ್ದು ಇದಕ್ಕೇ. ತಪ್ಪು ಮಾಡಿದರೆ ನಾಚಿಕೆಯಿಂದ ಮುಖ ಮುಚ್ಚಿಕೊಳ್ಳುವವರಲ್ಲ, ತಪ್ಪಿನ ಕಿವಿ ಹಿಂಡಿ ಏನು ಎತ್ತ ಎಂದು ಕೇಳಿ ತಿಳಿದುಕೊಳ್ಳುವವರು. ಕಾರ್ಖಾನೆಗೆ ಬರುವ ಹೊಸ ಇಂಜಿನಿಯರುಗಳಿಗೆ ಇದೇ ಸಂಗತಿಯನ್ನು ಹೇಳಿಕೊಡುವಾಗ ಅವಳಿಗೆ ಇಷ್ಟು ಬೇಗ 'ಓ' ಸಿಕ್ಕಿರಲಿಲ್ಲ.

ಒಲೆ ಚೆನ್ನಾಗಿ ಕಾದ ಮೇಲೆ ಅವಳು ಕಡ್ಡಿಗಳನ್ನು ಕಾಯಿಲಿನ ಎರಡು ತುದಿಗೆ ಹಚ್ಚಿದಳು. ಕ್ಲಾಂಪ್ ಮೀಟರನ್ನು ಒಂದೇ ತಂತಿಗೆ ಕಚ್ಚಿಸಿದಳು. ಬಾಗಿಲಲ್ಲಿ ಬೀದಿಯ ಅರ್ಧ ಜನ ಕತ್ತು ಚಾಚಿ ನಿಂತಿದ್ದರು.

"ಇನ್ನೂರ ಇಪ್ಪತ್ನಾಲ್ಕು ವೋಲ್ಟ್. ಒಂಬತ್ತು ಪಾಯಿಂಟ್ ಏಳು ಆಂಪಿಯರ್," ಎಂದಳು ಸೊಸೆ. ಹೇಳಿ ಫೋನಿನಲ್ಲಿ ಭಾಗಿಸಲು ಹೊರಟಳು.

ಅವಳ ಬೆರಳು ಫೋನಿನ ಮೇಲೆ ಬೀಳುವ ಮೊದಲೇ ಮಾವ ಕಣ್ಣು ಮುಚ್ಚಿಕೊಂಡಿದ್ದರು. ಮೂಟೆಗಟ್ಟಲೆ ಹಿಟ್ಟನ್ನು ತಲೆಯಲ್ಲೇ ಬ್ರೆಡ್ಡುಗಳಾಗಿ ಹಂಚುವ ಮನುಷ್ಯ. ಬೇರೆಯವರಿಗೆ ಕಬ್ಬಿಣದ ಕಡಲೆಯಾದ ಭಾಗಾಕಾರ ಅವರಿಗೆ ಬೆಣ್ಣೆ.

"ಇಪ್ಪತ್ಮೂರು ಹತ್ತಲೆ ಇನ್ನೂರ ಮೂವತ್ತು. ಹತ್ತಲ್ಲ, ಒಂಬತ್ತು ಪಾಯಿಂಟ್ ಏಳು, ಅಂದ್ರೆ ಪಾಯಿಂಟ್ ಮೂರು ಕಳಿ. ಇಪ್ಪತ್ಮೂರರ ಪಾಯಿಂಟ್ ಮೂರು ಏಳಕ್ಕೆ ಚೂರು ಕಮ್ಮಿ. ಇನ್ನೂರ ಇಪ್ಪತ್ಮೂರು ಚಿಲ್ರೆ ಆಯ್ತು. ಇನ್ನೂ ಒಂದು ವೋಲ್ಟಿನಷ್ಟು ಮಿಕ್ಕಿದೆ." ಕಣ್ಣು ತೆರೆದರು. "ಇಪ್ಪತ್ಮೂರು. ಮೇಲೆ ಒಂದು ಚಿಟಿಕೆ. ಎಷ್ಟಿರ್ಬೇಕು?"

ಫಲಕದಲ್ಲಿದ್ದ ಅಂಕಿಗಳ ಪ್ರಕಾರ ಎಷ್ಟಿರಬೇಕೆಂದು ಸೊಸೆಗೆ ಆಗಲೇ ಗೊತ್ತಾಗಿತ್ತು.

"ಇಪ್ಪತ್ಮೂರು, ಮಾವ," ಎಂದಳು.

ಮೇಲಿನ ಕಾಯಿಲನ್ನೂ ಹಾಗೇ ಅಳೆದರು. ಅದೂ ಇಪ್ಪತ್ಮೂರೇ. ಸುರುಳಿ ಗೆದ್ದಿದ್ದ. ಆದರೆ ಅವನ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಅವನು ಗೆಳೆಯನ ಮುಖವನ್ನೇ ನೋಡುತ್ತಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಷ್ಟು ಜನರ ಮುಂದೆ ಆಡಿದ್ದ ಗಾದೆ ಈಗ ಅವನ ಬಾಯಲ್ಲೇ ಕಹಿಯಾಗುತ್ತಿತ್ತು.

"ತಡಿ ತಡಿ," ಎಂದರು ಮಾವ. "ಶಕ್ತಿ ಎಷ್ಟು ಬಂತು? ವೋಲ್ಟಿಗೆ ಆಂಪಿಯರ್ ಗುಣಿಸಿದ್ರೆ ವ್ಯಾಟ್ ಅಲ್ವೇನಮ್ಮಾ?" ಮತ್ತೆ ಕಣ್ಣು ಮುಚ್ಚಿದರು. "ಇನ್ನೂರ ಇಪ್ಪತ್ನಾಲ್ಕು ಹತ್ತಲೆ ಎರಡು ಸಾವಿರದ ಇನ್ನೂರ ನಲವತ್ತು. ಅದರಲ್ಲಿ ಅರವತ್ತೇಳು ಕಳಿ. ಎರಡು ಸಾವಿರದ ನೂರ ಎಪ್ಪತ್ಮೂರು. ಈ ತಗಡಿನ ಮೇಲೆ ಎರಡು ಸಾವಿರದ ಮುನ್ನೂರು ಅಂತಿದೆ. ನೂರ ಇಪ್ಪತ್ತೇಳು ವ್ಯಾಟ್ ಎಲ್ಲಿ ಹೋಯ್ತು?"

ಅತ್ತೆಯ ಕಣ್ಣು ಮಿಂಚಿತು. "ಸಿಕ್ತಲ್ಲ ಕಾರಣ! ಕಮ್ಮಿ ಬಂತಲ್ಲ! ಸಾಕು ಬಿಡಿ, ಎಲ್ಲಾ ಮನೆಗೆ ಹೋಗಿ." ಅವರು ಜನರನ್ನು ಕೋಳಿ ಓಡಿಸಿದಂತೆ ಓಡಿಸಲು ಕೈ ಎತ್ತಿದರು.

ಆ ನೂರ ಇಪ್ಪತ್ತೇಳು ವ್ಯಾಟ್ ಎಲ್ಲಿಗೆ ಹೋಯಿತೆಂದು ಸೊಸೆಗೆ ಗೊತ್ತಿತ್ತು. ಮಧ್ಯಾಹ್ನ ಬೀದಿಯಲ್ಲೆಲ್ಲ ಯಂತ್ರಗಳು ಓಡುವಾಗ ವೋಲ್ಟೇಜ್ ಸ್ವಲ್ಪ ಬಿದ್ದಿರುತ್ತದೆ. ವೋಲ್ಟ್ ಬಿದ್ದರೆ ಅದೇ ತಂತಿಯಲ್ಲಿ ಆಂಪಿಯರ್ ಕೂಡ ಬೀಳುತ್ತದೆ. ಎರಡೂ ಬಿದ್ದ ಮೇಲೆ ಗುಣಿಸಿದರೆ ಪೆಟ್ಟು ಇಮ್ಮಡಿ. ಕಾಯಿಲಿನ ತಪ್ಪೂ ಇಲ್ಲ, ಯಾರ ತಪ್ಪೂ ಇಲ್ಲ. ಆದರೆ ಸುಮ್ಮನಿದ್ದರೆ ಸಾಕಿತ್ತು. ಲೈನಿನಲ್ಲಿ ವೋಲ್ಟ್ ಕಮ್ಮಿ, ಅದಕ್ಕೇ ಒಲೆ ಏರುತ್ತಿಲ್ಲ ಎಂದು ಒಂದು ಮಾತು ಅಂದುಬಿಟ್ಟರೆ ಸುರುಳಿಯ ಅಂಗಡಿ ಉಳಿಯುತ್ತದೆ, ಮಾವನ ಕೈಯೂ ಉಳಿಯುತ್ತದೆ. ಅದು ಪೂರ್ತಿ ಸುಳ್ಳೂ ಅಲ್ಲ. ಒಂದು ಪಂಪನ್ನೂ ಸುಳ್ಳು ಹೇಳಿ ಹೊರಗೆ ಕಳಿಸದವಳು ಆ ಕ್ಷಣ ಬಾಯಿ ತೆರೆದೇಬಿಟ್ಟಳು.

"ಮಾವ, ಲೈನಲ್ಲಿ ವೋಲ್ಟ್ ಕಮ್ಮಿ ಇದೆ. ನೂರಕ್ಕೆ ಐದೂವರೆಯಷ್ಟು ಬಿಸಿ ಕಮ್ಮಿಯಾಗುತ್ತೆ. ಬಹುಶಃ ಅದಕ್ಕೇ..."

"ಹಾಂ, ಅದಕ್ಕೇ!" ಎಂದ ಸುರುಳಿ ತಟ್ಟನೆ. "ಅದಕ್ಕೇ ಕಣೋ! ನಾನೂ ಸರಿ, ನೀನೂ ಸರಿ. ಕರೆಂಟೇ ಸರಿಯಿಲ್ಲ." ಅವನ ದನಿಯಲ್ಲಿ ಬೇಡಿಕೆ ಇತ್ತು.

ಮಾವ ಇಬ್ಬರನ್ನೂ ನೋಡಿದರು. ಅವರಿಗೆ ಎಲ್ಲ ಗೊತ್ತಾಗಿಹೋಯಿತು ಎಂದು ಸೊಸೆಗೆ ಗೊತ್ತಾಯಿತು. ತಪ್ಪಿಸಿಕೊಳ್ಳುವ ಬಾಗಿಲು ತೆರೆದಿತ್ತು, ದಾಟಿ ಹೋಗುವುದಷ್ಟೇ ಬಾಕಿ ಇತ್ತು, ಬೇರೆ ಯಾರಾಗಿದ್ದರೂ ದಾಟುತ್ತಿದ್ದರು. ಮಾವ ದಾಟಲಿಲ್ಲ. ಹಲಗೆಯ ಮೂಲೆಯಲ್ಲಿ ಬೆಳಗಿನ ಕೆಟ್ಟ ಬ್ರೆಡ್ಡುಗಳು ರಾಶಿ ಬಿದ್ದಿದ್ದವು. ಅದರಿಂದ ಒಂದನ್ನು ತಂದು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟರು. ಇದ್ದಿಲಿನಂತಿತ್ತು.

"ಐದೂವರೆ ಬಿಸಿ ಕಮ್ಮಿಯಾದ್ರೆ ಬ್ರೆಡ್ ಬಿಳಿಚಿಕೊಂಡಿರ್ಬೇಕಮ್ಮಾ," ಎಂದರು. "ಇದು ಕರಿಯಾಗಿದೆ. ಬಿಸಿ ಕಮ್ಮಿಯಾಗಿಲ್ಲ, ಅತಿಯಾಗಿದೆ. ಒಲೆ ತನ್ನ ಲೆಕ್ಕಕ್ಕೆ ತಕ್ಕಂತೆ ಕಾಯ್ತಾ ಇದೆ. ನಾನೇ ಸಾಲದು, ಸಾಲದು ಅಂತ ಉರಿಸ್ತಾ ಕೂತಿದ್ದೀನಿ."

ಹೇಳಿ, ಯಾರೂ ತಡೆಯುವ ಮೊದಲೇ ಒಲೆಯ ಬಾಗಿಲು ತೆಗೆದು ಬಲಗೈ ಒಳಗೆ ಚಾಚಿದರು. "ಹಿಟ್ಟು ನಂದು, ನೀರು ನಂದು, ಉಪ್ಪು ನಂದು, ಉರಿ ನಿಂದು." ಕೈ ಹೊರಗೆ ಬರಲಿಲ್ಲ. ಎರಡನೆಯ ಸಲ ಶುರುಮಾಡಿದರು. ಅಷ್ಟರಲ್ಲಿ ಕೂದಲು ಸೀದ ವಾಸನೆ ಕೋಣೆಯಲ್ಲಿ ಹರಡಿತು. ಸುರುಳಿ ಹಾರಿಬಂದು ಅವರ ತೋಳನ್ನು ಹಿಡಿದು ಎಳೆದುಹಾಕಿದ. ಹಾಗೆ ಎಳೆಯುವಾಗ ಅವನ ಬೆರಳು ಒಲೆಯ ಬಾಯಿಯ ಒಳಗೆ ಒಂದೇ ಒಂದು ಕ್ಷಣ ಹೋಗಿರಬೇಕು, "ಅಯ್ಯೋ!" ಎಂದು ಕೈ ಕೊಡವಿಕೊಂಡ.

ಸೊಸೆ ಮಾವನ ಕೈಯನ್ನು ಬೆಳಕಿಗೆ ಹಿಡಿದು ನೋಡಿದಳು. ಬೆರಳ ತುದಿಗಳಲ್ಲಿ ಹಳೆಯ ಬೊಬ್ಬೆಗಳು, ಅವುಗಳ ಮೇಲೆ ಹೊಸವು. ಒಂದು ಆಗಲೇ ಒಡೆದಿತ್ತು.

"ಇದು ನೋಯ್ತಿಲ್ವಾ ಮಾವ?"

"ಇಲ್ಲಮ್ಮಾ."

"ಇದು?"

"ಅದೂ ಇಲ್ಲ. ನೀನು ಮುಟ್ತಿದ್ದೀಯಾ?"

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಪಕ್ಕದ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತರು. ಬಾಗಿಲಲ್ಲಿದ್ದವರು ಒಬ್ಬೊಬ್ಬರಾಗಿ ಜಾರಿಕೊಂಡರು. ಯಾರೂ ಹೋಗಿ ಎಂದು ಹೇಳಬೇಕಾಗಲಿಲ್ಲ.

ಸೊಸೆ ಈವರೆಗೆ ಸಾವಿರಾರು ಯಂತ್ರಗಳಿಗೆ 'ನಿಲ್ಲು' ಎಂದು ಹೇಳಿದ್ದಳು. ಅವಕ್ಕೆ ಯಾವುದಕ್ಕೂ ತಾನೇ ಲೆಕ್ಕ ಹಾಕಿ ತನ್ನ ವಿರುದ್ಧ ತಾನೇ ತೀರ್ಪು ಕೊಡುವ ಗಂಡೆದೆ ಇರಲಿಲ್ಲ. ಅವಳು ಕೈಯಾರೆ ಚಾಚಿದ ಸುಳ್ಳನ್ನು ಮಾವ ಬೈಯದೆ, ಆಡಿಕೊಳ್ಳದೆ, ಬದಿಗೆ ಸರಿಸಿಟ್ಟಿದ್ದರು. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು. ಇಂಥವರ ಮನೆ ಸೇರಿದೆನಲ್ಲ ಎಂದು ಕಣ್ಣು ತುಂಬಿ ಬಂತು.

"ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗೋಣ ಮಾವ. ನಾನು ರಜೆ ಹಾಕ್ತೀನಿ."

"ಹೋಗೋಣ." ಮಾವ ಸುರುಳಿಯ ಕಡೆ ತಿರುಗಿದರು. "ಲೋ, ನಿನ್ನ ಕಳ್ಳ ಅಂದೆ. ಅದು ನನ್ನ ತಪ್ಪು. ಬೀದಿಯಲ್ಲಿ ನಿಂತು ಅಂದಿದ್ದೆ, ಬೀದಿಯಲ್ಲಿ ನಿಂತೇ ತಪ್ಪಾಯ್ತು ಅಂತೀನಿ, ಬಾ."

"ಬೀದಿನೂ ಬೇಡ, ಗೀದಿನೂ ಬೇಡ," ಎಂದ ಸುರುಳಿ. "ಪಂಥ ಗಿಂಥ ಎಲ್ಲ ಬಿಟ್ಹಾಕು. ಕೋಪದಲ್ಲಿ ಆಡಿದ್ದು. ನಾಳೆ ಆ ಮುಳ್ಳು ರಿಪೇರಿ ಮಾಡ್ಕೊಡ್ತೀನಿ, ನೋಡ್ಕೊಂಡು ನೀನೇ ಮಾಡು."

"ಮುಳ್ಳು ಹಾಕು. ಆದ್ರೆ ಮಾತು ಮಾತೇ. ಈ ಕೈ ಒಲೆಯೊಳಗೆ ಹೋಗಲ್ಲ. ಹೋಗಿ ಪ್ರಯೋಜನವೂ ಇಲ್ಲ."

ಆದರೆ ಹಿಟ್ಟಿಗೆ ಮನುಷ್ಯರ ಸುಖದುಃಖ ಎಲ್ಲಿ ಅರ್ಥವಾಗುತ್ತದೆ? ಹಲಗೆಯ ಮೇಲಿನ ಅಚ್ಚುಗಳಲ್ಲಿ ಅದು ಬಟ್ಟೆಯನ್ನು ಮೇಲಕ್ಕೆತ್ತಿ ಅಂಚು ದಾಟಲು ನೋಡುತ್ತಿತ್ತು. ಇನ್ನು ತಡಮಾಡಿದರೆ ಉಬ್ಬಿದ್ದು ಕುಸಿದು ಹುಳಿಯಾಗುತ್ತದೆ. ಮಾವ ಅದನ್ನು ನೋಡಿದರು, ಒಲೆಯನ್ನು ನೋಡಿದರು, ಕೊನೆಗೆ ಮೂಟೆಯ ಮೇಲೆ ಕೂತಿದ್ದ ಹೆಂಡತಿಯನ್ನು ನೋಡಿದರು.

"ಏಳು. ನೀನು ಕೈ ಹಾಕು."

"ನಾನಾ?" ಅತ್ತೆ ಹೌಹಾರಿದರು. "ಇಷ್ಟು ವರ್ಷ ಒಲೆ ಹತ್ರ ಸುಳಿದ್ರೆ ದೂರ ನಿಲ್ಲು ಅಂತ ಹುಲಿ ಹಾಗೆ ಎಗರ್ತಿದ್ರಿ. ಈಗ ಕೈ ಹಾಕು ಅಂದ್ರೆ?"

"ಹುಲಿಗೆ ವಯಸ್ಸಾಯ್ತು. ಹಾಕು. ಮಾತು ನಾನು ಹೇಳ್ತೀನಿ. ತಡೆಯೋಕಾಗದೇ ಇದ್ದಾಗ ತೆಗಿ, ಅದಕ್ಕಿಂತ ಮುಂಚೆನೂ ಬೇಡ, ಆಮೇಲೂ ಬೇಡ. ಧೈರ್ಯ ತೋರಿಸೋಕೆ ಹೋಗ್ಬೇಡ."

ಅತ್ತೆ ಎದ್ದು, ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡು, ಕೈ ಚಾಚಿದರು. ಮಾವ "ಹಿಟ್ಟು ನಂದು, ನೀರು ನಂದು" ಎನ್ನುವಷ್ಟರಲ್ಲಿ "ಅಮ್ಮಾ!" ಎಂದು ಹಿಂದಕ್ಕೆ ಎಳೆದುಕೊಂಡರು.

"ನೋಡಿದ್ಯಾ, ಎಷ್ಟು ಅತಿಯಾಗಿದೆ," ಎಂದರು ಮಾವ ಸುರುಳಿಗೆ. "ಎರಡೂ ಆರಿಸು. ಬಾಗಿಲು ತೆಗೆದಿಡು." ಸ್ವಲ್ಪ ಯೋಚಿಸಿ ಹೆಂಡತಿಯ ಕೈಯನ್ನು ತಿರುಗಿಸಿ ನೋಡಿದರು. "ಇವಳ ಕೈ ನನ್ನದಕ್ಕಿಂತ ಮೆತ್ತಗಿದೆ. ಸುಟ್ಟು ಸುಟ್ಟು ಗಟ್ಟಿಯಾಗಿಲ್ಲ. ನಾನು ಹೇಳುತ್ತಿದ್ದ ವೇಗದಲ್ಲೇ ಹೇಳಿದ್ರೆ ಇವಳಿಗೆ ಬೇಗ ಸುಡುತ್ತೆ, ಒಲೆ ತಣ್ಣಗಿರುವಾಗಲೇ ಸರಿ ಇದೆ ಅಂದ್ಬಿಡ್ತೀವಿ. ಮಾತನ್ನ ಬೇಗ ಬೇಗ ಹೇಳ್ಬೇಕು. ಎಷ್ಟು ಬೇಗ? ನಾಲ್ಕರಲ್ಲಿ ಒಂದು ಪಾಲು ಬೇಗ ಅಂತ ಇಟ್ಕೊಳ್ಳೋಣ. ಇವತ್ತಿನ ಬ್ರೆಡ್ ನೋಡಿ ನಾಳೆ ತಿದ್ದೋಣ."

ಸೊಸೆ ಕೇಳುತ್ತಾ ನಿಂತಳು. ಒಬ್ಬ ಮನುಷ್ಯನ ಬದುಕಿನ ಬಹುಭಾಗ ಈಗಷ್ಟೇ ಅವನ ಕೈಬಿಟ್ಟು ಹೋಗಿದೆ, ಅವನು ಆಗಲೇ ಇನ್ನೊಂದು ಕೈಗೆ ಲೆಕ್ಕ ಕೂಡಿಸುತ್ತಿದ್ದಾನೆ. ಕಾರ್ಖಾನೆಯಲ್ಲಿ ಹಳೆಯ ಮೀಟರ್ ಹೋಗಿ ಹೊಸ ಮೀಟರ್ ಬಂದಾಗ ಅದನ್ನು ಸರಿಹೊಂದಿಸಿಕೊಳ್ಳಲು ಅವರಿಗೆ ಇಡೀ ದಿನ ಬೇಕಾಗುತ್ತಿತ್ತು.

ಒಲೆ ಸ್ವಲ್ಪ ಆರಿದ ಮೇಲೆ ಅತ್ತೆ ಮತ್ತೆ ಕೈ ಹಾಕಿದರು. ಮಾವ ಅವಸರದ ದನಿಯಲ್ಲಿ ಹೇಳಿದರು. 'ಉರಿ' ಎಂಬಲ್ಲಿಗೆ ಅತ್ತೆಯ ಕೈ ಹೊರಬಂತು.

"ಹಾಕು," ಎಂದರು ಮಾವ.

ಸುರುಳಿಯೂ ಸೊಸೆಯೂ ಸೇರಿ ಅಚ್ಚುಗಳನ್ನು ಒಳಗೆ ತಳ್ಳಿದರು. ಮಾವ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತು, ಈ ಮೂಲೆಗೆ, ಆ ಮೂಲೆಗೆ, ಬಾಗಿಲು ಒದ್ದು ಮುಚ್ಚು ಎಂದು ಹೇಳುತ್ತಿದ್ದರು. ಆಮೇಲೆ ನಾಲ್ವರೂ ಕಾದರು. ಮೊದಲು ಬಂದದ್ದು ವಾಸನೆ. ಎಷ್ಟೋ ದಿನಗಳಿಂದ ಆ ಕೋಣೆಯಲ್ಲಿ ಬರೀ ಸೀದ ವಾಸನೆಯೇ ಇತ್ತು, ಇದು ಬೇರೆ. ಅತ್ತೆ ಮೂಗಿನಿಂದ ಉಸಿರೆಳೆದು ಗಂಡನನ್ನು ನೋಡಿದರು. ಮಾವ ಗೋಡೆಯನ್ನು ನೋಡುತ್ತಿದ್ದರು.

ಬಾಗಿಲು ತೆರೆದಾಗ ಬ್ರೆಡ್ಡುಗಳು ಜೇನಿನ ಬಣ್ಣಕ್ಕೆ ಬಂದಿದ್ದವು. ಸುರುಳಿ ಹೋ ಎಂದು ಕೂಗಿದ. ಅತ್ತೆ ಅಳುತ್ತಾ ನಗುತ್ತಾ ತಮ್ಮ ಕೈಯನ್ನೇ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು, ಇದು ನನ್ನದೇನಾ ಎಂಬಂತೆ. ಸೊಸೆ ಒಂದು ಅಚ್ಚನ್ನು ಮಗುಚಿ ಬ್ರೆಡ್ಡನ್ನು ಮೇಜಿನ ಮೇಲೆ ಹಾಕಿದಳು. ಮಾವ ಅದನ್ನು ಬರಿಗೈಯಲ್ಲಿ ಎತ್ತಿಕೊಂಡು ಕಿವಿಯ ಹತ್ತಿರ ತಂದು, ತಳವನ್ನು ಬೆರಳಿನಿಂದ ತಟ್ಟಿ ಕೇಳಿದರು. ಒಳಗೆ ಪೂರ್ತಿ ಬೆಂದ ಬ್ರೆಡ್ಡಿನ ಟೊಳ್ಳು ಸದ್ದು ಬಂತು. ಅವರ ಮುಖ ಅರಳಿತು. ಬಹಳ ಹೊತ್ತು ಅದನ್ನು ಎರಡೂ ಅಂಗೈಗಳಲ್ಲಿ ಹಿಡಿದುಕೊಂಡು ನಿಂತಿದ್ದರು. ಆಮೇಲೆ, ಆ ಬೀದಿಯಲ್ಲಿ ಯಾರನ್ನೂ ಯಾವತ್ತೂ ಈ ಪ್ರಶ್ನೆ ಕೇಳದಿದ್ದ ಮನುಷ್ಯ, ಸೊಸೆಯ ಕಡೆ ತಿರುಗಿ ಚಿಕ್ಕ ದನಿಯಲ್ಲಿ ಕೇಳಿದರು.

"ಬಿಸಿ ಇದೆಯೇನಮ್ಮಾ?"

ಸೊಸೆ ಬೆರಳು ತಾಗಿಸಿ ಹಿಂದಕ್ಕೆ ತೆಗೆದುಕೊಂಡಳು.

"ಸುಡ್ತಾ ಇದೆ ಮಾವ. ಕೆಳಗಿಡಿ."

ಮಾವ ಮರುಮಾತಾಡದೆ ಕೆಳಗಿಟ್ಟರು.